ಸಾವಿರ ಸಂಚಿಕೆ ತಾಳುವ ಕಥೆ: ಟಿವಿ ಬರಹಗಾರರು ಉದ್ದದ ಎಳೆ ಕಟ್ಟುವ ಬಗೆ

1994ರಲ್ಲಿ ‘ದಿ ಎಕ್ಸ್-ಫೈಲ್ಸ್’ ಎಂಬ ಅಮೆರಿಕದ ಟಿವಿ ಧಾರಾವಾಹಿ ಬರೆಯುತ್ತಿದ್ದವರಿಗೆ ದೊಡ್ಡ ಕಷ್ಟ ಎದುರಾಯಿತು. ಮೊದಲ ಸೀಸನ್ ಮುಗಿಯುತ್ತಾ ಬಂದಿತ್ತು. ಸ್ಕಲ್ಲಿ ಪಾತ್ರ ಮಾಡುತ್ತಿದ್ದ ಜಿಲಿಯನ್ ಆಂಡರ್ಸನ್ ಗರ್ಭಿಣಿ. ಸೆಪ್ಟೆಂಬರ್‌ನಲ್ಲಿ ಹೆರಿಗೆ. ಇಡೀ ಕಥೆ ನಿಂತಿರುವುದೇ ವಿಚಿತ್ರ ಕೇಸುಗಳ ತನಿಖೆ ಮಾಡುವ ಮಲ್ಡರ್ ಮತ್ತು ಸ್ಕಲ್ಲಿ ಎಂಬ ಇಬ್ಬರು ಎಫ್‌ಬಿಐ ಅಧಿಕಾರಿಗಳ ಮೇಲೆ. ಅವರಲ್ಲಿ ಒಬ್ಬರು ಕ್ಯಾಮೆರಾ ಮುಂದೆ ಬರುವ ಹಾಗಿಲ್ಲ. ಏನು ಮಾಡಬೇಕು?

ಧಾರಾವಾಹಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಮತ್ತು ಅವರ ತಂಡ ಸ್ಕಲ್ಲಿಯನ್ನು ಅಪಹರಣ ಮಾಡಿಸಿತು. ಅವಳು ಮರಳಿ ಬಂದಾಗ ಏನು ನಡೆಯಿತು ಎಂದು ಅವಳಿಗೇ ನೆನಪಿರಲಿಲ್ಲ. ಮುಂದೆ ಅವಳ ಕತ್ತಿನಲ್ಲಿ ಪುಟ್ಟ ಚಿಪ್ ಸಿಕ್ಕಿತು. ಅದನ್ನು ತೆಗೆದ ಮೇಲೆ ಕ್ಯಾನ್ಸರ್ ಬಂತು. ತನಗೆ ಇನ್ನು ಮಕ್ಕಳಾಗುವುದಿಲ್ಲ ಎನ್ನುವುದೂ ಗೊತ್ತಾಯಿತು. ಒಂದು ಹೆರಿಗೆ ರಜೆಯಿಂದ ವರ್ಷಗಟ್ಟಲೆ ಕಥೆ ಹುಟ್ಟಿತು.

ಅಪಹರಣ ಎಂದರೆ ಯಾರು ಬೇಕಾದರೂ ಬರೆಯಬಹುದು. ಇಲ್ಲಿ ಅದು ಎದೆಗೆ ನಾಟಿದ್ದಕ್ಕೆ ಕಾರಣ ಬೇರೆ ಇದೆ. ಮಲ್ಡರ್ ಹುಡುಗನಾಗಿದ್ದಾಗ, 1973ರಲ್ಲಿ, ಅವನ ತಂಗಿ ಸಮಾಂತಾ ಅವನ ಕಣ್ಣೆದುರೇ ಮಾಯವಾಗಿದ್ದಳು. ಅವನು ಮಾಡುವ ಕೆಲಸಕ್ಕೆಲ್ಲ ಆ ರಾತ್ರಿಯೇ ಕಾರಣ. ಈಗ ಅವನು ನಂಬಿದ ಇನ್ನೊಬ್ಬಳೂ ಅದೇ ರೀತಿ ಮಾಯವಾದಳು. ಹಳೆಯ ಗಾಯದ ಮೇಲೆ ಮತ್ತೆ ಪೆಟ್ಟು ಬಿತ್ತು.

ಗುಟ್ಟು ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಅದು ಯಾರ ನಿದ್ದೆ ಕೆಡಿಸಿದೆ ಎನ್ನುವುದು ಮುಖ್ಯ. ಉದ್ದದ ಕಥೆ ಬರೆಯಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಶುರುಮಾಡುವ ಮುಂಚೆ ಎರಡು ಮಾತುಗಳ ಅರ್ಥ ನೋಡೋಣ. ಹಲವು ಸಂಚಿಕೆಗಳ ಮೂಲಕ ಹಾದುಹೋಗುವ ಕಥೆಯನ್ನು ‘ಎಳೆ’ ಎನ್ನೋಣ. ನಮ್ಮ ಧಾರಾವಾಹಿ ಮಂದಿ ‘ಟ್ರ್ಯಾಕ್’ ಎನ್ನುವುದು ಇದನ್ನೇ. ಇನ್ನು ಆ ಕಥಾಲೋಕದ ಹಿಂದಿರುವ ದೊಡ್ಡ ಕಥೆ ಇದೆಯಲ್ಲ, ಇಂಗ್ಲಿಷ್‌ನಲ್ಲಿ ಮಿಥಾಲಜಿ ಎನ್ನುತ್ತಾರೆ, ಅದಕ್ಕೆ ನಮ್ಮಲ್ಲೇ ಒಳ್ಳೆಯ ಮಾತಿದೆ: ಸ್ಥಳಪುರಾಣ. ಯಾವುದೇ ಹಳೆಯ ದೇವಸ್ಥಾನಕ್ಕೆ ಹೋಗಿ ನೋಡಿ. ಈ ಕೆರೆಯ ನೀರನ್ನು ಯಾಕೆ ಯಾರೂ ಕುಡಿಯುವುದಿಲ್ಲ, ಈ ಬಾಗಿಲು ಯಾಕೆ ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ ಎಂದು ಕೇಳಿದರೆ, ಹಿಂದೆ ನಡೆದ ಕಥೆಯೊಂದನ್ನು ಹೇಳುತ್ತಾರೆ. ಇವತ್ತಿನ ನಿಯಮಕ್ಕೆ ಹಿಂದಿನ ಕಥೆಯೇ ಕಾರಣ. ಧಾರಾವಾಹಿಯ ಸ್ಥಳಪುರಾಣವೂ ಅದೇ ಕೆಲಸ ಮಾಡಬೇಕು.

ಹೆಜ್ಜೆ 1: ಮೊದಲು ಗಾಯ, ಆಮೇಲೆ ಗುಟ್ಟು

ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಗುಟ್ಟಿನಿಂದ ಶುರು ಮಾಡುತ್ತಾರೆ. ಬೀಗ ಹಾಕಿದ ಕೋಣೆ, ಹಳೆಯ ಡೈರಿ, ಅರ್ಧ ಹರಿದ ಫೋಟೊ. ನೋಡುವವರಿಗೆ ಕುತೂಹಲವೇನೋ ಬರುತ್ತದೆ. ಆದರೆ ಬರೀ ಕುತೂಹಲ ಬೇಗ ಆರುತ್ತದೆ. ಹತ್ತನೇ ಸಂಚಿಕೆಗೆ ‘ಇನ್ನೂ ಆ ಕೋಣೆ ತೆಗೆದಿಲ್ವಾ’ ಎಂದು ಬೇಸರವಾಗಿ ರಿಮೋಟ್ ಎತ್ತಿಕೊಳ್ಳುತ್ತಾರೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು, ನಿಮ್ಮ ಮುಖ್ಯ ಪಾತ್ರಕ್ಕೆ ಕಥೆ ಶುರುವಾಗುವ ಮುಂಚೆಯೇ ಏನು ನೋವಾಗಿದೆ ಎಂದು ಬರೆಯಿರಿ. ಅದು ಒಂದೇ ವಾಕ್ಯದಲ್ಲಿ ಇರಬೇಕು. ಆ ನೋವಿನಿಂದ ಅವಳು ದಿನನಿತ್ಯ ಏನು ಮಾಡುತ್ತಾಳೆ, ಏನು ಮಾಡುವುದಿಲ್ಲ ಎಂದು ಬರೆಯಿರಿ. ಇಷ್ಟಾದ ಮೇಲೆ ಗುಟ್ಟಿನ ಕಡೆ ಬನ್ನಿ. ಆ ಗುಟ್ಟು ಬಯಲಾದರೆ ಇವಳ ಯಾವ ಸಂಬಂಧ ಮುರಿಯುತ್ತದೆ? ಇದಕ್ಕೆ ಉತ್ತರ ಇಲ್ಲವಾದರೆ ಆ ಗುಟ್ಟು ನಿಮ್ಮ ಕಥೆಗೆ ಬೇಡ.

ಈ ಬರಹದ ಉದ್ದಕ್ಕೂ ಒಂದು ಕಥೆ ಕಟ್ಟುತ್ತಾ ಹೋಗೋಣ. ಶರಾವತಿಗೆ ಅಡ್ಡವಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ತಿಯಾಯಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು, ಜನ ಮನೆಮಠ ಬಿಟ್ಟು ಹೋದರು. ಇಷ್ಟು ನಿಜ. ಇನ್ನು ನಮ್ಮ ಕಲ್ಪನೆ. ಗೌರಿಗೆ ಆಗ 8 ವರ್ಷ. ಊರು ಬಿಡುವ ರಾತ್ರಿ ಅವಳ ಅಣ್ಣ ದತ್ತ, 14 ವರ್ಷದವನು, ಕಾಣೆಯಾದ. ನೀರಿಗೆ ಬಿದ್ದ ಎಂದು ಅಪ್ಪಯ್ಯ ಹೇಳಿದರು. ದೇಹ ಸಿಗಲಿಲ್ಲ. ನಮ್ಮ ಧಾರಾವಾಹಿ ಶುರುವಾಗುವುದು 1984ರಲ್ಲಿ. ಗೌರಿ ಈಗ ಸಾಗರದಲ್ಲಿ ಶಾಲೆ ಮೇಡಂ. ಶಾಲೆಯಿಂದ ಪ್ರವಾಸ ಹೊರಟರೆ ದಾರಿಯುದ್ದಕ್ಕೂ ಮಕ್ಕಳ ತಲೆ ಎಣಿಸುತ್ತಲೇ ಇರುತ್ತಾಳೆ. ಆ ಒಂದು ಅಭ್ಯಾಸ ಸಾಕು. ಗುಟ್ಟನ್ನು ನಾವಿನ್ನೂ ಮುಟ್ಟಿಲ್ಲ, ಆಗಲೇ ಇವಳು ನಮಗೆ ಬೇಕಾದವಳಾದಳು ಅಲ್ವಾ?

ಹೆಜ್ಜೆ 2: ಪ್ರಶ್ನೆ ಕೇಳುವ ಮುಂಚೆ ಉತ್ತರ ಬರೆದಿಡಿ

ವಿಮಾನ ಬಿದ್ದು ದ್ವೀಪವೊಂದರಲ್ಲಿ ಸಿಕ್ಕಿಕೊಂಡವರ ಕಥೆ ಹೇಳುವ ಅಮೆರಿಕದ ‘ಲಾಸ್ಟ್’ ಧಾರಾವಾಹಿಯ ಮೊದಲ ಸೀಸನ್‌ನಲ್ಲಿ ಕಾಡಿನ ನೆಲದೊಳಗೆ ಒಂದು ಕಬ್ಬಿಣದ ಮುಚ್ಚಳ ಸಿಗುತ್ತದೆ. ಒಳಗೇನಿದೆ ಎಂದು ನಾವೇ ತೀರ್ಮಾನಿಸುವ ತನಕ ಅದನ್ನು ತೆರೆಗೆ ತರುವುದು ಬೇಡ ಎಂದು ಬರಹಗಾರ ಡೇಮನ್ ಲಿಂಡೆಲೋಫ್ ಹಟ ಹಿಡಿದಿದ್ದರು. 2005ರ ಸೆಪ್ಟೆಂಬರ್‌ನಲ್ಲಿ, ಎರಡನೇ ಸೀಸನ್ ಶುರುವಾದಾಗ, ಆ ಮುಚ್ಚಳದ ಕೆಳಗೆ ಕಂಡದ್ದು ಒಬ್ಬ ಮನುಷ್ಯ. 108 ನಿಮಿಷಕ್ಕೊಮ್ಮೆ ಕಂಪ್ಯೂಟರ್‌ನಲ್ಲಿ ಕೆಲವು ಅಂಕಿಗಳನ್ನು ಒತ್ತುತ್ತಾ ಒಬ್ಬನೇ ಬದುಕುತ್ತಿದ್ದವನು. ಒತ್ತದಿದ್ದರೆ ಲೋಕ ಮುಳುಗುತ್ತದೆ ಎಂದು ನಂಬಿದವನು.

ಇದು ನನಗೆ ಯಾಕೆ ಇಷ್ಟ ಎಂದರೆ, ಮುಚ್ಚಳ ತೆರೆದ ಕೂಡಲೇ ಪ್ರಶ್ನೆ ಮುಗಿಯಲಿಲ್ಲ, ಮನುಷ್ಯರ ನಡುವೆ ಬಂದು ಕೂತಿತು. ದ್ವೀಪದಲ್ಲಿ ಉಳಿದವರಲ್ಲಿ ಗುಂಡಿ ಒತ್ತಬೇಕು ಎನ್ನುವವನು ಲಾಕ್, ಇದೆಲ್ಲ ಬರೀ ನಂಬಿಕೆ ಎನ್ನುವವನು ನಾಯಕ ಜ್ಯಾಕ್. ಇಬ್ಬರ ಜಗಳಕ್ಕೆ ಒಂದು ಸೀಸನ್ ಸಾಲುವಷ್ಟು ಬಲ ಬಂತು. ಒಳ್ಳೆಯ ಉತ್ತರದಿಂದ ಹೊಸ ಜಗಳ ಹುಟ್ಟುತ್ತದೆ.

ಉತ್ತರ ಒಂದೇ ಇದ್ದರೆ ಏನಾಗುತ್ತದೆ ಎಂದು ‘ಟ್ವಿನ್ ಪೀಕ್ಸ್’ ನೋಡಿದರೆ ಗೊತ್ತಾಗುತ್ತದೆ. 1990ರಲ್ಲಿ ಅಮೆರಿಕದಲ್ಲಿ ಆ ಧಾರಾವಾಹಿಯ ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರು ಎನ್ನುವುದೇ ಮಾತಾಗಿತ್ತು. ಅದನ್ನು ಬೇಗ ಹೇಳಿಬಿಡಿ ಎಂದು ಚಾನೆಲ್ ಒತ್ತಡ ಹಾಕಿತು. ನವೆಂಬರ್‌ನಲ್ಲಿ ಕೊಲೆಗಾರ ಯಾರೆಂದು ತೋರಿಸಿದರು. ಆಮೇಲೆ ನೋಡುವವರು ಕಡಿಮೆಯಾಗುತ್ತಾ ಹೋದರು, 1991ರ ಜೂನ್‌ಗೆ ಧಾರಾವಾಹಿ ನಿಂತಿತು. ಊರನ್ನು ಹಿಡಿದಿಟ್ಟಿದ್ದ ಪ್ರಶ್ನೆ ಎದ್ದು ಹೋದ ಮೇಲೆ ಅಷ್ಟೇ ತೂಕದ ಇನ್ನೊಂದು ಪ್ರಶ್ನೆ ಆ ಜಾಗಕ್ಕೆ ಬರಲಿಲ್ಲ.

ಆದ್ದರಿಂದ ಉತ್ತರಗಳನ್ನು ಪದರ ಪದರವಾಗಿ ಬರೆದುಕೊಳ್ಳಿ. ನಮ್ಮ ಗೌರಿಯ ಕಥೆಯಲ್ಲಿ ಮೊದಲ ಪದರ: ದತ್ತ ಸಾಯಲಿಲ್ಲ. ಎರಡನೆಯದು: ಅವನನ್ನು ಊರಿಂದ ಕಳಿಸಿದ್ದು ಅಪ್ಪಯ್ಯನೇ. ಮೂರನೆಯದು: ಪರಿಹಾರದ ಪಟ್ಟಿಯಿಂದ ಕೆಲವು ಬಡ ಮನೆಗಳ ಹೆಸರು ಬಿಡಲಾಗಿತ್ತು, ಆ ಪಟ್ಟಿಗೆ ಸಾಕ್ಷಿ ಸಹಿ ಹಾಕಿದವರಲ್ಲಿ ಅಪ್ಪಯ್ಯ ಒಬ್ಬರು, ದತ್ತ ಅದನ್ನು ನೋಡಿಬಿಟ್ಟಿದ್ದ. ನಾಲ್ಕನೆಯದು, ಎಲ್ಲಕ್ಕಿಂತ ಕೆಳಗಿನದು: ಗೌರಿ ಓದಿ ಮೇಡಂ ಆಗಿದ್ದು ಆ ಸಹಿಯಿಂದ ಬಂದ ದುಡ್ಡಿನಲ್ಲಿ. ಒಂದೊಂದು ಪದರ ಬಿಚ್ಚಿದಾಗಲೂ ಪ್ರಶ್ನೆ ಗೌರಿಗೆ ಹತ್ತಿರವಾಗುತ್ತದೆ. ಅಣ್ಣನನ್ನು ಹುಡುಕುತ್ತಾ ಹೊರಟವಳು ಕೊನೆಗೆ ತನ್ನ ಹತ್ತಿರವೇ ಬಂದು ನಿಲ್ಲುತ್ತಾಳೆ.

ಎಲ್ಲವನ್ನೂ ಮುಂಚೆಯೇ ತಿಳಿದಿರಬೇಕಾ? ಬೇಡ. ‘ಬ್ರೇಕಿಂಗ್ ಬ್ಯಾಡ್’ ಎಂಬ ಅಮೆರಿಕದ ಧಾರಾವಾಹಿಯ ಐದನೇ ಸೀಸನ್ ಶುರುವಾಗುವುದು ಅದರ ನಾಯಕ, ಮಾದಕ ವಸ್ತು ತಯಾರಿಸಲು ಇಳಿದ ಮೇಷ್ಟ್ರು ವಾಲ್ಟರ್ ವೈಟ್ ಒಂದು ಮೆಷಿನ್ ಗನ್ ಕೊಳ್ಳುವುದರಿಂದ. ಅದನ್ನು ಯಾರ ಮೇಲೆ, ಹೇಗೆ ಬಳಸುತ್ತಾನೆ ಎಂದು ಆ ಸೀನ್ ಬರೆದಾಗ ತಮಗೇ ಗೊತ್ತಿರಲಿಲ್ಲ ಎಂದು ಅದರ ಸೃಷ್ಟಿಕರ್ತ ವಿನ್ಸ್ ಗಿಲಿಗನ್ ಹೇಳಿಕೊಂಡಿದ್ದಾರೆ. 16 ಸಂಚಿಕೆಗಳ ಉದ್ದಕ್ಕೂ ಆ ಗನ್ ಅವರ ತಲೆ ತಿಂದಿತು. ಕೊನೆಗೆ 2013ರ ಸೆಪ್ಟೆಂಬರ್‌ನ ಕೊನೆಯ ಸಂಚಿಕೆಯಲ್ಲಿ ಅದಕ್ಕೆ ದಾರಿ ಸಿಕ್ಕಿತು. ಅವರು ಆ ಧೈರ್ಯ ಮಾಡಿದ್ದು ವಾಲ್ಟರ್ ಎಂಥವನು ಎಂದು ಪೂರ್ತಿ ತಿಳಿದ ಮೇಲೆ. ಗನ್ ಎಲ್ಲಿ ಸಿಡಿಯುತ್ತದೆ ಎನ್ನುವುದು ತಿಳಿಯದಿದ್ದರೂ ನಡೆಯುತ್ತದೆ. ಅದನ್ನು ಹಿಡಿದವನ ಮನಸ್ಸು ತಿಳಿದಿರಲೇಬೇಕು.

ಹೆಜ್ಜೆ 3: ಸ್ಥಳಪುರಾಣಕ್ಕೆ ನಿಯಮ ಹಾಕಿ

ನಿಮ್ಮ ಕಥಾಲೋಕದಲ್ಲಿ ಏನು ಆಗಬಹುದು ಎನ್ನುವುದಕ್ಕಿಂತ, ಏನು ಆಗುವ ಹಾಗಿಲ್ಲ ಎಂದು ಮೊದಲು ಬರೆಯಿರಿ. ನಾಲ್ಕೈದು ನಿಯಮ ಸಾಕು. ಜಾಸ್ತಿ ಆದರೆ ನೋಡುವವರಿಗೆ ನೆನಪಿರುವುದಿಲ್ಲ, ಬರೆಯುವವರಿಗೂ ಇರುವುದಿಲ್ಲ.

ಹಿನ್ನೀರಿನ ಕಥೆಗೆ ನಿಯಮ ಪ್ರಕೃತಿಯೇ ಕೊಟ್ಟಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮುಳುಗಿದ್ದೆಲ್ಲ ಮೇಲೆ ಕಾಣುತ್ತದೆ. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಅದರ ನೀರಿನಲ್ಲಿ ಮುಳುಗಿದೆ, ನೀರು ಇಳಿದ ವರ್ಷ ಈಗಲೂ ತಲೆ ಎತ್ತುತ್ತದೆ. ಹಾಗಾದರೆ ನಮ್ಮ ಮೊದಲ ನಿಯಮ: ಹಳೆಯ ಊರಿಗೆ ನಡೆದು ಹೋಗಲು ಸಾಧ್ಯವಾಗುವುದು ವರ್ಷದಲ್ಲಿ ಕೆಲವೇ ವಾರ. ಮಳೆ ಹಿಡಿದರೆ ಮುಗಿಯಿತು, ಇನ್ನೊಂದು ಬೇಸಿಗೆಗೆ ಕಾಯಬೇಕು. ಈ ಒಂದು ನಿಯಮದಿಂದ ಸೀಸನ್‌ನ ಅಳತೆ ಸಿಕ್ಕಿತು. ಪ್ರತಿ ಸೀಸನ್ ಒಂದು ಬೇಸಿಗೆ. ಮೋಡ ಕಟ್ಟಿದರೆ ಸಾಕು, ನೋಡುವವರಿಗೆ ದಿಗಿಲಾಗುತ್ತದೆ.

ಎರಡನೇ ನಿಯಮ: ಹಳೆಯ ಊರಿಂದ ಏನನ್ನೇ ತಂದರೂ ಹೊಸ ಊರಿನಲ್ಲಿ ಯಾರಿಗಾದರೂ ಅದರಿಂದ ತೊಂದರೆ ಆಗಬೇಕು. ದೆವ್ವದ ಕಾಟ ಅಲ್ಲ. ಒಂದು ಗಡಿಕಲ್ಲು ಸಿಕ್ಕಿದರೆ ಯಾರದೋ ಜಮೀನಿನ ಸುಳ್ಳು ಹೊರಬರುತ್ತದೆ. ಒಂದು ಸ್ಲೇಟು ಸಿಕ್ಕಿದರೆ ಒಬ್ಬ ತಾಯಿ ಮತ್ತೆ ಅಳುತ್ತಾಳೆ. ಬೆಲೆ ಕೊಡದೆ ಸಿಗುವ ಸುಳಿವಿನಿಂದ ಕಥೆ ಸಪ್ಪೆಯಾಗುತ್ತದೆ.

ಈ ನಿಯಮಗಳನ್ನೂ, ಪಾತ್ರಗಳ ವಯಸ್ಸು, ಸಂಬಂಧ, ಹಳೆಯ ಘಟನೆಗಳ ತಾರೀಕುಗಳನ್ನೂ ಒಂದೇ ಕಡೆ ಬರೆದಿಡಿ. ಇದಕ್ಕೆ ಟಿವಿಯವರು ‘ಬೈಬಲ್’ ಎನ್ನುತ್ತಾರೆ. ‘ಲಾಸ್ಟ್’ ತಂಡದಲ್ಲಿ ಗ್ರೆಗ್ ನೇಶನ್ಸ್ ಎಂಬವರಿಗೆ ಇದನ್ನು ನೋಡಿಕೊಳ್ಳುವುದೇ ಕೆಲಸವಾಗಿತ್ತು. ಯಾರಿಗೆ ಯಾವ ಗಾಯ ಯಾವ ದಿನ ಆಯಿತು, ಯಾರಿಗೆ ಏನು ಗೊತ್ತು, ಎಲ್ಲ ಅವರ ಬಳಿ.

ನಾನು ಹಿಂದೊಮ್ಮೆ ಒಂದು ದೈನಿಕ ಧಾರಾವಾಹಿಯ ಸಂಭಾಷಣೆ ತಂಡದಲ್ಲಿದ್ದೆ. ಅಲ್ಲಿ ಇಂಥ ಪುಸ್ತಕ ಇರಲಿಲ್ಲ. ಮೊದಲ ತಿಂಗಳುಗಳಲ್ಲಿ ಮಗಳ ಮದುವೆಗಾಗಿ ಹಳೆಯ ಮನೆ ಮಾರುವ ಸೀನ್ ಇತ್ತು. ಎಂಟು ತಿಂಗಳ ನಂತರ, ಹೊಸದಾಗಿ ಸೇರಿದವರು ಅದೇ ಮನೆಯಲ್ಲಿ ದೀಪಾವಳಿ ಬರೆದರು. ಶೂಟಿಂಗ್ ಆಯಿತು, ಪ್ರಸಾರವೂ ಆಯಿತು. ತುಮಕೂರಿನ ಕಡೆಯ ಒಬ್ಬರು ಅಜ್ಜಿ ಫೋನ್ ಮಾಡಿಸಿ ಕೇಳಿದರು: “ಆ ಮನೆ ಮಾರಿದ್ರಲ್ಲಪ್ಪಾ, ವಾಪಸ್ ಯಾವಾಗ ಕೊಂಡ್ರಿ?” ಅವರ ದನಿಯಲ್ಲಿ ಕೋಪ ಇರಲಿಲ್ಲ, ನಿಜವಾಗಿ ತಿಳಿಯುವ ಆಸೆ ಇತ್ತು. ಮನೆ ಹೋದ ದಿನ ಅವರೂ ಅತ್ತಿದ್ದರಂತೆ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅವರು ನಮ್ಮ ಕಥೆಯನ್ನು ನಮಗಿಂತ ಚೆನ್ನಾಗಿ ಕಾಪಾಡಿಕೊಂಡಿದ್ದರು.

ಹೆಜ್ಜೆ 4: ಗೋಡೆಗೆ ಕಾರ್ಡ್ ಅಂಟಿಸಿ

ಇದು ಸರಳ ಕೆಲಸ, ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಬರಹಗಾರರ ಕೋಣೆಗಳಲ್ಲಿ ಗೋಡೆಯ ಮೇಲೆ ಕಾರ್ಕ್ ಬೋರ್ಡ್ ಇರುತ್ತದೆ. ಒಂದು ಕಾರ್ಡ್‌ಗೆ ಒಂದು ಘಟನೆ. ‘ಬ್ರೇಕಿಂಗ್ ಬ್ಯಾಡ್’ ತಂಡ ಒಂದೊಂದು ಸಂಚಿಕೆಯನ್ನೂ ಹೀಗೆ ಸೀನ್ ಸೀನ್ ಆಗಿ ಬೋರ್ಡ್ ಮೇಲೆ ಕಟ್ಟಿ, ಆಮೇಲೆ ಬರೆಯಲು ಕೂರುತ್ತಿತ್ತು. ನಮ್ಮಲ್ಲಿ ಒನ್‌ಲೈನ್, ಅಂದರೆ ಸಂಚಿಕೆಯ ಕಥೆಯನ್ನು ಚುಟುಕಾಗಿ, ಬರೆದುಕೊಳ್ಳುವ ರೂಢಿ ಇದೆ, ಅದೂ ಒಳ್ಳೆಯದೇ. ಆದರೆ ಒನ್‌ಲೈನ್ ವಾರದ ಲೆಕ್ಕದಲ್ಲಿ ಓಡುತ್ತದೆ. ಗೋಡೆ ಇದ್ದರೆ ಆರು ತಿಂಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತದೆ.

ಮೂರು ಬಣ್ಣ ಇಟ್ಟುಕೊಳ್ಳಿ. ದೊಡ್ಡ ಎಳೆಗೆ ಒಂದು, ಸಂಬಂಧಗಳ ಎಳೆಗೆ ಒಂದು, ಅದೇ ಸಂಚಿಕೆಯಲ್ಲಿ ಹುಟ್ಟಿ ಮುಗಿಯುವ ಬಿಡಿ ಕಥೆಗೆ ಒಂದು. ದೂರ ನಿಂತು ನೋಡಿ. ಒಂದೇ ಬಣ್ಣ ಉದ್ದಕ್ಕೂ ಹೋಗುತ್ತಿದ್ದರೆ ಅಲ್ಲಿ ಕಥೆ ಏದುಸಿರು ಬಿಡುತ್ತದೆ. ‘ಎಕ್ಸ್-ಫೈಲ್ಸ್’ ಮೊದಲ ಒಂಬತ್ತು ಸೀಸನ್‌ನಲ್ಲಿ 202 ಸಂಚಿಕೆ ಮಾಡಿತು. ಅದರಲ್ಲಿ ಹೆಚ್ಚಿನವು ಬಿಡಿ ಕಥೆಗಳೇ, ವಾರಕ್ಕೊಂದು ಭೂತ. ದೊಡ್ಡ ಎಳೆ ಅಪರೂಪಕ್ಕೆ ಬರುತ್ತಿದ್ದರಿಂದಲೇ ಬಂದಾಗ ಮೈ ಜುಮ್ಮೆನ್ನುತ್ತಿತ್ತು.

ನಮ್ಮಲ್ಲೂ ಇದಕ್ಕೆ ಒಳ್ಳೆಯ ಮಾದರಿ ಇದೆ. ‘ಮಾಯಾಮೃಗ’ದ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಕೋರ್ಟ್ ಸೀನ್ ಎಂದರೆ ಜನ ಕಾದು ಕೂರುತ್ತಿದ್ದರು. ಕೋರ್ಟ್‌ನಲ್ಲಿ ಒಂದು ಕೇಸಿಗೆ ಶುರು ಇದೆ, ವಾದ ಇದೆ, ತೀರ್ಪು ಇದೆ. ಆ ಕೇಸ್ ನಡೆಯುವಾಗಲೇ ಮನೆಯೊಳಗಿನ ಉದ್ದದ ಎಳೆ ಸದ್ದಿಲ್ಲದೆ ಮುಂದೆ ಹೋಗುತ್ತದೆ. ನಿಮ್ಮ ಕಥೆಗೂ ಅಂಥ ಒಂದು ಜಾಗ ಹುಡುಕಿಕೊಳ್ಳಿ. ಗೌರಿಗೆ ಅವಳ ಶಾಲೆ ಇದೆ. ಪ್ರತಿ ಮಗುವಿನ ಮನೆಯಲ್ಲೂ ಹಳೆಯ ಊರಿನ ಒಂದು ತುಂಡು ನೆನಪಿದೆ.

ಹೆಜ್ಜೆ 5: ಬಿತ್ತುವಾಗಲೇ ಅದು ಹೊಟ್ಟೆ ತುಂಬಿಸಬೇಕು

ಮಹಾಭಾರತದ ಕರ್ಣನ ರಥದ ಗಾಲಿ ನಮಗೆಲ್ಲ ಗೊತ್ತು. ಯುದ್ಧದ ಹದಿನೇಳನೇ ದಿನ ಅದು ನೆಲದಲ್ಲಿ ಹೂತುಹೋಗುತ್ತದೆ, ಕಲಿತ ಅಸ್ತ್ರ ಬೇಕಾದ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಎರಡೂ ಹಳೆಯ ಶಾಪಗಳು. ಒಂದು ಹಸು ಕಳೆದುಕೊಂಡ ಬ್ರಾಹ್ಮಣನದು, ಇನ್ನೊಂದು ಪರಶುರಾಮನದು. ಪರಶುರಾಮನ ಪ್ರಸಂಗ ನೆನಪು ಮಾಡಿಕೊಳ್ಳಿ. ಗುರು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಹುಳ ತೊಡೆ ಕೊರೆಯುತ್ತಿದೆ. ಗುರುವಿನ ನಿದ್ದೆ ಕೆಡಬಾರದು ಎಂದು ಕರ್ಣ ಅಲುಗುವುದಿಲ್ಲ. ರಕ್ತ ತಾಗಿ ಗುರು ಎಚ್ಚರವಾಗುತ್ತಾನೆ. ಇಷ್ಟು ನೋವು ತಡೆಯುವವನು ಬ್ರಾಹ್ಮಣನಲ್ಲ, ಸುಳ್ಳು ಹೇಳಿ ಕಲಿತೆ ಎಂದು ಶಪಿಸುತ್ತಾನೆ.

ಈ ಸೀನ್ ಕೇಳುವಾಗ ‘ಮುಂದೆ ಉಪಯೋಗಕ್ಕೆ ಬರುತ್ತದೆ’ ಎಂದು ನಮಗೆ ಅನಿಸುವುದೇ ಇಲ್ಲ. ಆ ಕ್ಷಣದ ಅನ್ಯಾಯಕ್ಕೇ ಹೊಟ್ಟೆ ಉರಿಯುತ್ತದೆ. ಭಕ್ತಿಯೇ ಅವನಿಗೆ ಮುಳುವಾಯಿತು. ಆ ದಿನಕ್ಕೆ ಅದೊಂದು ಪೂರ್ತಿ ಕಥೆ. ಯುದ್ಧದ ದಿನ ಅದೇ ಕಥೆ ಮತ್ತೆ ಬರುತ್ತದೆ, ದುಪ್ಪಟ್ಟು ಭಾರವಾಗಿ. ಬಿತ್ತುವುದೆಂದರೆ ಇದು. ಕ್ಯಾಮೆರಾ ಸುಮ್ನೆ ಒಂದು ಉಂಗುರದ ಮೇಲೆ ನಿಂತು, ಹಿನ್ನೆಲೆಯಲ್ಲಿ ಸಂಗೀತ ಜೋರಾದರೆ ಅದು ಬಿತ್ತನೆ ಆಗುವುದಿಲ್ಲ. ‘ಇದನ್ನು ನೆನಪಿಟ್ಟುಕೊಳ್ಳಿ’ ಎಂದು ನೋಡುವವರಿಗೆ ಕೊಟ್ಟ ಕೆಲಸವಾಗುತ್ತದೆ.

ಟಿವಿಯಲ್ಲಿ ನಾನು ಕಂಡ ಅತ್ಯಂತ ಚೆಂದದ ಬಿತ್ತನೆ ‘ಬ್ಯಾಬಿಲಾನ್ 5’ ಎಂಬ ಬಾಹ್ಯಾಕಾಶದ ಧಾರಾವಾಹಿಯದು. ಅದರ ಸೃಷ್ಟಿಕರ್ತ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಅದನ್ನು ಐದು ವರ್ಷದ ಒಂದೇ ಕಾದಂಬರಿಯಂತೆ ಯೋಚಿಸಿದ್ದರು. 110 ಸಂಚಿಕೆಗಳಲ್ಲಿ 92ನ್ನು ತಾವೇ ಬರೆದರು. 1994ರ ಒಂದು ಸಂಚಿಕೆಯಲ್ಲಿ, ಹಿಂದೆಂದೋ ಮಾಯವಾಗಿದ್ದ ಬಾಹ್ಯಾಕಾಶ ನಿಲ್ದಾಣವೊಂದು ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ಅಲ್ಲಿಯ ಜನರನ್ನು ಉಳಿಸುವುದೇ ಆ ವಾರದ ಕಥೆ. ಅದಷ್ಟಕ್ಕೇ ಪೂರ್ತಿ. 1996ರಲ್ಲಿ ಅದೇ ಘಟನೆಯನ್ನು ಇನ್ನೊಂದು ಕಡೆಯಿಂದ ತೋರಿಸಿದರು. ಆ ನಿಲ್ದಾಣ ಯಾಕೆ ಮಾಯವಾಯಿತು, ಯಾರು ತೆಗೆದುಕೊಂಡು ಹೋದರು ಎನ್ನುವುದೆಲ್ಲ ಒಂದಕ್ಕೊಂದು ಸೇರಿಕೊಂಡಿತು.

ಗೌರಿಯ ಮೊದಲ ಸಂಚಿಕೆಯಲ್ಲಿ ಅಪ್ಪಯ್ಯ ಅಂಚೆ ಕಚೇರಿಯಲ್ಲಿ ಮನಿಯಾರ್ಡರ್ ಬರೆಯುತ್ತಿರುತ್ತಾರೆ. ಕೈ ನಡುಗುತ್ತಿದೆ. ಗೌರಿ ‘ಕೊಡಿ, ನಾನು ಬರೆದುಕೊಡ್ತೇನೆ’ ಎನ್ನುತ್ತಾಳೆ. ಅಪ್ಪಯ್ಯ ಕೊಡುವುದಿಲ್ಲ. ವಯಸ್ಸಾದರೂ ಮಗಳ ಕೈಗೆ ಕೆಲಸ ಬಿಟ್ಟುಕೊಡದ ಹಟ ಎಂದು ನಮಗೆ ಕಾಣುತ್ತದೆ, ಅಪ್ಪ ಮಗಳ ಚಿಕ್ಕ ಮುನಿಸೊಂದು ಅಲ್ಲೇ ನಡೆದು ಮುಗಿಯುತ್ತದೆ. ಆ ದುಡ್ಡು ಇಪ್ಪತ್ತು ವರ್ಷದಿಂದ ಯಾರಿಗೆ ಹೋಗುತ್ತಿದೆ ಎನ್ನುವುದು ಗೊತ್ತಾಗುವುದು ಎರಡನೇ ಬೇಸಿಗೆಯಲ್ಲಿ.

ಹೆಜ್ಜೆ 6: ಪ್ರತಿ ಪಾತ್ರಕ್ಕೂ ಹಿತ್ತಲ ಬಾಗಿಲು

ಕಾದಂಬರಿಯ ಪಾತ್ರಕ್ಕೆ ಕಾಲ್‌ಶೀಟ್ ಇಲ್ಲ. ಧಾರಾವಾಹಿಯ ಪಾತ್ರಕ್ಕೆ ಇದೆ. ಕಲಾವಿದರು ಸಿನಿಮಾಕ್ಕೆ ಹೋಗುತ್ತಾರೆ, ಕಾಯಿಲೆ ಬೀಳುತ್ತಾರೆ, ಮದುವೆಯಾಗಿ ದೂರ ಹೋಗುತ್ತಾರೆ. ಮಕ್ಕಳಂತೂ ಬೆಳೆದುಬಿಡುತ್ತಾರೆ. ‘ಲಾಸ್ಟ್’ ಕಥೆಯಲ್ಲಿ ಕಳೆದದ್ದು ಕೆಲವೇ ವಾರ, ಆದರೆ ವಾಲ್ಟ್ ಪಾತ್ರದ ಹುಡುಗ ನಿಜದಲ್ಲಿ ಉದ್ದಕ್ಕೆ ಬೆಳೆದ. ಅವನ ಸುತ್ತ ಎತ್ತಿದ ಪ್ರಶ್ನೆಗಳನ್ನು ಬಹುಪಾಲು ಅಲ್ಲೇ ಬಿಡಬೇಕಾಯಿತು.

ಸ್ಟ್ರಾಜಿನ್ಸ್ಕಿ ಇದನ್ನು ಮೊದಲೇ ಯೋಚಿಸಿದ್ದರು. ಪ್ರತಿ ಪಾತ್ರ ಹೊರಗೆ ಹೋಗಲು ಒಂದು ದಾರಿಯನ್ನು ಮುಂಚೆಯೇ ಮಾಡಿಟ್ಟಿದ್ದರು. ಮೊದಲ ಸೀಸನ್ ಮುಗಿದಾಗ ನಾಯಕ ಸಿಂಕ್ಲೇರ್ ಪಾತ್ರದ ಮೈಕಲ್ ಓಹೇರ್ ಬಿಟ್ಟರು. ಹೊಸ ನಾಯಕ ಬಂದ. ಸಿಂಕ್ಲೇರ್‌ನನ್ನು ಕೊಲ್ಲಲಿಲ್ಲ, ದೂರದ ಗ್ರಹಕ್ಕೆ ಕಳಿಸಿದರು. ಮೇಲೆ ಹೇಳಿದ 1996ರ ಕಥೆಯಲ್ಲಿ ಅವನನ್ನೇ ಮರಳಿ ಕರೆತಂದು, ಇಡೀ ಸ್ಥಳಪುರಾಣದ ಮೂಲಪುರುಷ ಅವನೇ ಎಂದು ತೋರಿಸಿದರು. ಕಳೆದುಕೊಂಡದ್ದರಿಂದಲೇ ಕಥೆ ಶ್ರೀಮಂತವಾಯಿತು.

ಬಾಗಿಲು ಒಳಗೆ ಬರಲಿಕ್ಕೂ ಬೇಕು. ‘ಲಾಸ್ಟ್’ನ ಬೆನ್ ಪಾತ್ರಕ್ಕೆ ಮೈಕಲ್ ಎಮರ್ಸನ್ ಅವರನ್ನು ಕರೆದಿದ್ದು ಮೊದಲು ಮೂರು ಸಂಚಿಕೆಗೆ. ಅವರ ಅಭಿನಯ ನೋಡಿ ಬರಹಗಾರರು ಪಾತ್ರ ಬೆಳೆಸಿದರು. ‘ಟ್ವಿನ್ ಪೀಕ್ಸ್’ನಲ್ಲಿ ಸೆಟ್ ಅಲಂಕಾರದ ಕೆಲಸ ಮಾಡುತ್ತಿದ್ದ ಫ್ರ್ಯಾಂಕ್ ಸಿಲ್ವಾ ಅವರ ಮುಖ ಅಕಸ್ಮಾತ್ ಕನ್ನಡಿಯಲ್ಲಿ ಕಂಡಿತು. ನಿರ್ದೇಶಕ ಡೇವಿಡ್ ಲಿಂಚ್ ಅದನ್ನು ತೆಗೆದು ಹಾಕಲಿಲ್ಲ, ಕಥೆಯ ದುಷ್ಟಶಕ್ತಿಯನ್ನಾಗಿ ಮಾಡಿದರು. ಹೀಗೆ ಬಂದದ್ದನ್ನು ಸ್ವೀಕರಿಸಲು ಗೋಡೆಯ ಮೇಲೆ ಜಾಗ ಖಾಲಿ ಇರಬೇಕು. ಐದು ಕಾರ್ಡ್‌ಗೊಂದು ಖಾಲಿ ಕಾರ್ಡ್ ಅಂಟಿಸಿ.

ಪಾತ್ರದ ಹೆಸರಿನ ಕೆಳಗೆ ಎರಡು ಸಾಲು ಬರೆದಿಡಿ. ನಾಳೆ ಇವರು ಬರದಿದ್ದರೆ ಕಥೆಯಲ್ಲಿ ಎಲ್ಲಿಗೆ ಹೋಗುತ್ತಾರೆ? ಇವರು ಹೊತ್ತಿದ್ದ ಗುಟ್ಟು ಯಾರ ಹೆಗಲಿಗೆ ಬರುತ್ತದೆ? ಅಪ್ಪಯ್ಯನ ಪಾತ್ರಧಾರಿ ಬಿಟ್ಟರೆ ಗೌರಿಯ ಕಥೆ ಸತ್ತೇ ಹೋಗುತ್ತದೆ. ಆದ್ದರಿಂದ ಅಪ್ಪಯ್ಯ ದತ್ತನಿಗೆ ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡ ಕಾಗದಗಳಿರುವ ಒಂದು ಟ್ರಂಕು ಮೂರನೇ ಸಂಚಿಕೆಯಿಂದಲೇ ಮನೆಯಲ್ಲಿರಬೇಕು. ಮನುಷ್ಯ ಇಲ್ಲದಿದ್ದರೂ ಅವರ ದನಿ ಉಳಿಯುತ್ತದೆ.

ಹೆಜ್ಜೆ 7: ಬಾಕಿ ಪುಸ್ತಕ

ನೋಡುವವರಿಗೆ ನೀವು ಕೇಳಿದ ಪ್ರತಿ ಪ್ರಶ್ನೆಯೂ ಅವರಿಂದ ತಂದ ಸಾಲ. ದಿನಸಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಒಂದು ಪುಸ್ತಕ ಇಡಿ. ಪ್ರಶ್ನೆ ಏನು, ಯಾವ ಸಂಚಿಕೆಯಲ್ಲಿ ಎದ್ದಿತು, ಕಥೆಯೊಳಗೆ ಇದು ಯಾರಿಗೆ ಬೇಕಾದ ಉತ್ತರ, ಕೊನೆಯ ಸಲ ಇದರ ಮಾತು ಬಂದದ್ದು ಯಾವಾಗ, ಯಾವ ಸಂಚಿಕೆಯೊಳಗೆ ತೀರಿಸಬೇಕು. ಮೂರನೇ ಕಾಲಂ ಖಾಲಿ ಇದ್ದರೆ ಎಚ್ಚರ. ಕಥೆಯೊಳಗೆ ಯಾರಿಗೂ ಬೇಡದ ಪ್ರಶ್ನೆ ಹೊರಗೆ ಕೂತವರಿಗೆ ಎಷ್ಟು ದಿನ ಬೇಕಾಗುತ್ತದೆ?

ಪೂರ್ತಿ ತೀರಿಸಲು ಆಗದಿದ್ದರೆ ಬಡ್ಡಿಯಾದರೂ ಕಟ್ಟಿ. ದೈನಿಕ ಧಾರಾವಾಹಿಯಲ್ಲಿ ಎರಡು ವಾರಕ್ಕೊಮ್ಮೆ ದೊಡ್ಡ ಪ್ರಶ್ನೆಯ ಒಂದು ಚೂರು ಉತ್ತರ ಸಿಗಲೇಬೇಕು ಎನ್ನುವುದು ನನ್ನ ಲೆಕ್ಕ. ಆ ಚೂರಿನಿಂದ ಇಬ್ಬರ ನಡುವಿನ ಮಾತು ಬದಲಾಗಬೇಕು. ಬರೀ ಮಾಹಿತಿ ಬಂದು ಎಲ್ಲರೂ ಮೊದಲಿನ ಹಾಗೇ ಊಟಕ್ಕೆ ಕೂತರೆ ಅದು ಬಡ್ಡಿ ಅಲ್ಲ.

ಗುಟ್ಟು ಹೇಳಲು ಹೊರಟವನಿಗೆ ಅಪಘಾತ ಮಾಡಿಸಬೇಡಿ. ಫೋನ್ ಕಟ್ ಮಾಡಿಸಬೇಡಿ. ಒಮ್ಮೆ ನಡೆಯಬಹುದು, ಎರಡನೇ ಸಲ ನೋಡುವವರಿಗೆ ಮೋಸ ಗೊತ್ತಾಗುತ್ತದೆ. ಹೇಳದೆ ಇರಲು ಆ ಪಾತ್ರಕ್ಕೇ ಕಾರಣ ಇರಲಿ. ಅಪ್ಪಯ್ಯ ಬಾಯಿ ಬಿಡುವುದಿಲ್ಲ, ಯಾಕೆಂದರೆ ಬಿಟ್ಟ ದಿನ ಮಗಳೂ ಹೋಗುತ್ತಾಳೆ. ಅಂಥ ಮೌನವನ್ನು ಜನ ನೂರು ಸಂಚಿಕೆ ಸಹಿಸುತ್ತಾರೆ.

ಹೆಜ್ಜೆ 8: ಕೊನೆಯ ದಿನ ಗೊತ್ತಿಲ್ಲದೆ ಕೊನೆ ಬರೆಯುವುದು

‘ಲಾಸ್ಟ್’ ಮೂರನೇ ಸೀಸನ್ ಹೊತ್ತಿಗೆ ಬರಹಗಾರರು ಒದ್ದಾಡುತ್ತಿದ್ದರು. ಕಥೆ ಎಷ್ಟು ವರ್ಷ ನಡೆಯಬೇಕು ಎಂದು ತಿಳಿಯದೆ ನಾಯಕನ ಮೈಮೇಲಿನ ಹಚ್ಚೆಯ ಹಿಂದಿನ ಕಥೆಯನ್ನೂ ಒಂದು ಸಂಚಿಕೆ ಮಾಡಿದರು. ಕೊನೆಗೆ 2007ರ ಮೇ ತಿಂಗಳಲ್ಲಿ ಚಾನೆಲ್ ಒಪ್ಪಿತು: ಇನ್ನು ಮೂರು ಚಿಕ್ಕ ಸೀಸನ್, 2010ಕ್ಕೆ ಮುಕ್ತಾಯ. ದಿನ ಗೊತ್ತಾದ ಮೇಲೆ ಕಥೆಗೆ ಮತ್ತೆ ವೇಗ ಬಂತು.

ನಮ್ಮ ಧಾರಾವಾಹಿಗಳಿಗೆ ಆ ಭಾಗ್ಯ ಇಲ್ಲ. ‘ಬ್ರೇಕಿಂಗ್ ಬ್ಯಾಡ್’ ಐದು ಸೀಸನ್‌ನಲ್ಲಿ ಮಾಡಿದ್ದು ಒಟ್ಟು 62 ಸಂಚಿಕೆ. ವಾರಕ್ಕೆ ಐದು ಸಂಚಿಕೆ ಕೊಡುವ ಕನ್ನಡದ ಧಾರಾವಾಹಿಗೆ ಅದು ಮೂರು ತಿಂಗಳ ಕೆಲಸ. ವರ್ಷಕ್ಕೆ 260 ಸಂಚಿಕೆ. ಗುರುವಾರ ಟಿಆರ್‌ಪಿ ಬರುತ್ತದೆ, ಅದನ್ನು ನೋಡಿ ಚಾನೆಲ್‌ನವರು ಎಳೆಯಿರಿ ಎನ್ನುತ್ತಾರೆ ಅಥವಾ ಮುಗಿಸಿ ಎನ್ನುತ್ತಾರೆ. ಇಂಥ ಒತ್ತಡದಲ್ಲಿ ದಿನಾ ಬರೆಯುವವರ ಮೇಲೆ ನನಗೆ ತುಂಬಾ ಗೌರವ ಇದೆ. ಅವರಿಗೆ ಎರಡು ಉಪಾಯ ಹೇಳಬಲ್ಲೆ.

ಒಂದು, ಕಥೆಗೆ ನಿಲ್ದಾಣಗಳನ್ನು ಕಟ್ಟಿ. ಸುಮಾರು 80 ಸಂಚಿಕೆಗೊಂದು ಪದರ ಪೂರ್ತಿ ಬಿಚ್ಚಿಕೊಳ್ಳಬೇಕು. ಅಲ್ಲಿಗೆ ನಿಂತರೂ ಕಥೆ ಅರ್ಧದಲ್ಲಿ ನಿಂತ ಹಾಗೆ ಆಗಬಾರದು. ಮುಂದೆ ಹೋದರೆ ಕೆಳಗಿನ ಪದರ ಕಾದಿರುತ್ತದೆ. ಎಳೆಯಿರಿ ಎಂದಾಗ ಹೊಸ ವಿಲನ್ ತರುವ ಬದಲು ಒಂದು ಪದರ ಕೆಳಗೆ ಇಳಿಯಿರಿ.

ಎರಡು, ಕೊನೆಯ ಹತ್ತು ಸಂಚಿಕೆ ಈಗಲೇ ಬರೆದು ಡ್ರಾಯರ್‌ನಲ್ಲಿಡಿ. ‘ಬ್ಯಾಬಿಲಾನ್ 5’ ನಾಲ್ಕನೇ ಸೀಸನ್‌ಗೇ ನಿಲ್ಲುವ ಹಾಗಿತ್ತು. ಸ್ಟ್ರಾಜಿನ್ಸ್ಕಿ ದೊಡ್ಡ ಎಳೆಗಳನ್ನು ಆ ಸೀಸನ್‌ನಲ್ಲೇ ಮುಗಿಸಿ, ಕೊನೆಯ ಸಂಚಿಕೆಯನ್ನೂ ಶೂಟ್ ಮಾಡಿಟ್ಟರು. ಆಮೇಲೆ ಟಿಎನ್‌ಟಿ ಚಾನೆಲ್ ಐದನೇ ಸೀಸನ್ ಕೊಟ್ಟಿತು. ಶೂಟ್ ಮಾಡಿದ್ದನ್ನು ಎತ್ತಿಟ್ಟು, ಅದರ ಜಾಗಕ್ಕೆ ಬೇರೆ ಸಂಚಿಕೆ ಮಾಡಿದರು. 1998ರ ನವೆಂಬರ್‌ನಲ್ಲಿ, ಎಲ್ಲ ಮುಗಿದ ಮೇಲೆ, ಕಾದಿಟ್ಟಿದ್ದು ಪ್ರಸಾರವಾಯಿತು.

ನಾವೂ ಗೌರಿಯ ಕೊನೆಯ ಸೀನ್ ಬರೆದಿಡೋಣ. ನಾಲ್ಕನೇ ಬೇಸಿಗೆ. ನೀರು ಹಿಂದೆಂದೂ ಇಲ್ಲದಷ್ಟು ಇಳಿದಿದೆ. ಅಪ್ಪಯ್ಯ ಕೋಲೂರಿಕೊಂಡು ಬಿರಿದ ಕೆಸರಿನ ಮೇಲೆ ನಡೆಯುತ್ತಾರೆ. ಹಳೆಯ ಮನೆಯ ಹೊಸ್ತಿಲಿನ ಕಲ್ಲು ಮಾತ್ರ ಉಳಿದಿದೆ. ಅಲ್ಲಿ 34 ವರ್ಷದ ದತ್ತ ನಿಂತಿದ್ದಾನೆ ಎಂದು ಬರೆದೆ. ಆಮೇಲೆ ಹೊಡೆದು ಹಾಕಿದೆ. ನಾಲ್ಕನೇ ಬೇಸಿಗೆ ಎಂದರೆ 1987, ಅವನಿಗೆ 37. ಬಾಕಿ ಪುಸ್ತಕದ ಪಕ್ಕ ಬೈಬಲ್ ಇಟ್ಟುಕೊಳ್ಳುವುದು ಇದಕ್ಕೇ. 37 ವರ್ಷದ ದತ್ತ ಹೊಸ್ತಿಲ ಆಚೆ ನಿಂತಿದ್ದಾನೆ. ಅಪ್ಪಯ್ಯ ಈಚೆ. ಗೌರಿ ಇಬ್ಬರನ್ನೂ ನೋಡುತ್ತಾಳೆ. ಬಾಯಲ್ಲಿ ಮೆಲ್ಲಗೆ ಎಣಿಸುತ್ತಾಳೆ: ಒಂದು, ಎರಡು. ಮೂರು ಎಂದು ತನ್ನನ್ನು ಸೇರಿಸಿಕೊಳ್ಳುವ ಮುಂಚೆ ನಿಲ್ಲಿಸುತ್ತಾಳೆ. ಮೊದಲ ಹನಿ ಬೀಳುತ್ತದೆ.